ಟೈಟನ್ ಪ್ರೋಬ್: ಇಳಿಯಲಿಕ್ಕೆ 7 ಗಂಟೆ ತೋರಿಸ್ತಾ ಉಂಟು, ಕೋಡ್ ತಪ್ಪಾ?

ಪಣಂಬೂರು_ಪ್ರೋಬ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಸುರತ್ಕಲ್ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಶನಿಯ ಚಂದ್ರ ಟೈಟನ್ ಮೇಲೆ ಇಳಿಯುವ ಪ್ರೋಬ್ (ಶೋಧ ನೌಕೆ) ಒಂದರ ವಿನ್ಯಾಸವನ್ನು ಕಾಗದದ ಮಟ್ಟದಲ್ಲಿ ಮಾಡ್ತಾ ಇದ್ದೇವೆ. ಈಗಿನ ಲೆಕ್ಕ ಹೀಗುಂಟು:

ಒಟ್ಟು ತೂಕ 240 ಕೆ.ಜಿ. ಮುಂದಿನ ಹೀಟ್ ಶೀಲ್ಡ್ 2.4 ಮೀ. ವ್ಯಾಸ, 60 ಕೆ.ಜಿ. ಹಿಂದಿನ ಮುಚ್ಚಳ 20 ಕೆ.ಜಿ. ಇವೆರಡೂ ಕಳಚಿದ ಮೇಲೆ ಉಳಿಯುವ ಒಳಗಿನ ಮಾಡ್ಯೂಲ್ 160 ಕೆ.ಜಿ., ವ್ಯಾಸ 1.2 ಮೀ., ಎತ್ತರ 0.6 ಮೀ. 1270 ಕಿ.ಮೀ. ಎತ್ತರದಲ್ಲಿ ವೇಗ ಸೆಕೆಂಡಿಗೆ 6.2 ಕಿ.ಮೀ., ಪ್ರವೇಶದ ಕೋನ ಕೆಳಮುಖವಾಗಿ 25 ಡಿಗ್ರಿ. ಮಂಗಳಕ್ಕೆ ಹೋದವುಗಳದ್ದು 12ರಿಂದ 15 ಇರ್ತದಲ್ಲ, ಇಲ್ಲಿ ವಾತಾವರಣ ದಪ್ಪ ಅಂತ ಸ್ವಲ್ಪ ಹೆಚ್ಚಿಟ್ಟೆವು. 9 ಮೀಟರಿನ ಒಂದೇ ಪ್ಯಾರಾಚೂಟ್, ನೆಲದವರೆಗೂ ಅದೇ. 600 ವ್ಯಾಟ್-ಅವರ್ ಲಿಥಿಯಂ ಅಯಾನ್ ಬ್ಯಾಟರಿ, ಸರಾಸರಿ ಬಳಕೆ 150 ವ್ಯಾಟ್. ಚಳಿಗೆ ಉಪಗ್ರಹಗಳಿಗೆ ಸುತ್ತುವ ಹಾಗೆ 20 ಪದರದ ಹೊಳೆಯುವ ಹಾಳೆ. ತಾಯಿನೌಕೆ ಮೇಲಿಂದ ಹಾದುಹೋಗುವಾಗ 3 ಗಂಟೆ ಸಿಗ್ನಲ್ ಹಿಡಿಯುತ್ತದೆ.

ಇಳಿಯುವ ಭಾಗದ ಕೋಡ್ 150 ಕಿ.ಮೀ. ಎತ್ತರದಿಂದ ಶುರುವಾಗ್ತದೆ. ಅದು ನೆಲ ಮುಟ್ಟಲಿಕ್ಕೆ 7 ಗಂಟೆ ಹತ್ತಿರ ತೋರಿಸ್ತಾ ಉಂಟು. ಎಲ್ಲಿ ತಪ್ಪಿದ್ದೇವೆ? ಪ್ರವೇಶದ ಭಾಗದ ಕೋಡ್ ಇನ್ನೂ ಬರೆದಿಲ್ಲ. ಇಲ್ಲೇ ಊರಲ್ಲಿ ಮಾಡಬಹುದಾದ ಪರೀಕ್ಷೆಗಳಿದ್ದರೆ ಅದನ್ನೂ ತಿಳಿಸಿ.

ಬಜಪೆ_ಏರೋ

ಕೋಡ್ ಸರಿಯೇ ಉಂಟು ಮಾರಾಯ್ರೇ, ಪ್ಯಾರಾಚೂಟ್ ಸರಿ ಇಲ್ಲ.

ಕೈಯಲ್ಲೇ ಲೆಕ್ಕ ಹಾಕಿ ನೋಡಿ. ಟೈಟನ್ ನೆಲದ ಹತ್ತಿರ ಗುರುತ್ವ 1.35 ಮೀ./ಸೆ.², ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 5.4 ಕೆ.ಜಿ. ಮಂಗಳೂರಿನ 30 ಡಿಗ್ರಿ ಬಿಸಿಲಿನ ಗಾಳಿ 1.16 ಮಾತ್ರ. ಅಂದರೆ ಎಳೆಯುವ ಬಲ ಏಳರಲ್ಲೊಂದು ಪಾಲು, ತಡೆಯುವ ಗಾಳಿ ನಾಲ್ಕೂವರೆ ಪಟ್ಟು. ಎರಡೂ ಸೇರಿ, ಇಲ್ಲಿ ಬೀಳುವ ವಸ್ತು ಅಲ್ಲಿ 5.8 ಪಟ್ಟು ನಿಧಾನ ಬೀಳ್ತದೆ. ನಿಮ್ಮ 9 ಮೀಟರ್ ಪ್ಯಾರಾಚೂಟಿಗೆ ಎಳೆತದ (ಗಾಳಿಯ ತಡೆಯ) ಗುಣಾಂಕ 0.5 ಹಿಡಿದರೆ ಎಳೆತದ ವಿಸ್ತೀರ್ಣ, ಅಂದರೆ ವಿಸ್ತೀರ್ಣ × ಗುಣಾಂಕ, 31.8 ಚ.ಮೀ., ಮಾಡ್ಯೂಲಿನದ್ದು 0.9. ನೆಲದ ಹತ್ತಿರ ವೇಗ ಬರುವುದು ಸೆಕೆಂಡಿಗೆ 1.56 ಮೀ.

ಒಟ್ಟು ಸಮಯಕ್ಕೆ ಒಂದು ಸುಲಭ ಸೂತ್ರ ಉಂಟು. ವೇಗ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮ. ಕೆಳಗಿನ ವಾತಾವರಣದ ಸ್ಕೇಲ್ ಎತ್ತರ (ಸಾಂದ್ರತೆ 2.718ರಲ್ಲೊಂದು ಪಾಲಿಗೆ ಇಳಿಯಲು ಏರಬೇಕಾದ ಎತ್ತರ) ಸುಮಾರು 20 ಕಿ.ಮೀ. ಎಂದಿಟ್ಟು ಸಮಾಕಲನ ಮಾಡಿದರೆ, ಸಮಯ = 40 ಕಿ.ಮೀ. ÷ ನೆಲದ ಹತ್ತಿರದ ವೇಗ. 150 ಕಿ.ಮೀ.ಯಿಂದ ಶುರುವಾದರೆ 40ರ ಬದಲು 39, 110 ಕಿ.ಮೀ.ಯಿಂದಾದರೆ 37.4. ನಿಮ್ಮದಕ್ಕೆ 39,000 ÷ 1.56 = 25,000 ಸೆಕೆಂಡ್. ಅದೇ 7 ಗಂಟೆ.

ಇದನ್ನು ನಂಬಬಹುದಾ ಅಂತ ನೋಡಲಿಕ್ಕೆ ಹೈಗೆನ್ಸ್ ಪ್ರೋಬ್ ಉಂಟಲ್ಲ, 2005ರ ಜನವರಿ 14ರಂದು ಟೈಟನ್ ಮೇಲೆ ಇಳಿದದ್ದು. ಕವಚ ಬಿಟ್ಟ ಮೇಲೆ ಸುಮಾರು 200 ಕೆ.ಜಿ., ಕೊನೆಯ ಪ್ಯಾರಾಚೂಟ್ 3.03 ಮೀ. ಇದೇ ಸೂತ್ರಕ್ಕೆ ಹಾಕಿದರೆ 4.6 ಮೀ./ಸೆ., 110 ಕಿ.ಮೀ.ಯಿಂದ 2 ಗಂಟೆ 14 ನಿಮಿಷ. ಅದಕ್ಕೆ ದೊಡ್ಡ ಪ್ಯಾರಾಚೂಟಿನ 15 ನಿಮಿಷ ಸೇರಿಸಿ. ನಿಜವಾಗಿ ಅದು ಇಳಿದದ್ದು ಎರಡೂವರೆ ಗಂಟೆಗೆ ಒಂದೆರಡು ನಿಮಿಷ ಕಡಿಮೆ.

ಹಾಗಾಗಿ ವಿನ್ಯಾಸವನ್ನು ಹಿಂದಿನಿಂದ ಮುಂದಕ್ಕೆ ಮಾಡಿ. ಮೊದಲು ತಾಯಿನೌಕೆ ಕಾಣುವ 3 ಗಂಟೆ, ಅದರಲ್ಲಿ ನೆಲದ ಮೇಲಿನ ಕೆಲಸಕ್ಕೆ ಅರ್ಧ ಗಂಟೆ ತೆಗೆದಿಡಿ, ಉಳಿದ ಎರಡೂವರೆ ಗಂಟೆಗೆ ಪ್ಯಾರಾಚೂಟ್ ಹೊಂದಿಸಿ. 2.6 ಮೀ.ಯ ಸಣ್ಣ ಪ್ಯಾರಾಚೂಟ್ ಹಾಕಿದರೆ ನೆಲದ ವೇಗ 4.75 ಮೀ./ಸೆ., 110 ಕಿ.ಮೀ.ಯಿಂದ 131 ನಿಮಿಷ.

ಆದರೆ ದೊಡ್ಡದನ್ನು ಪೂರ್ತಿ ಬಿಡಬೇಡಿ! ಶೀಲ್ಡ್ ಕಳಚುವಾಗ ಅದು ನಮಗಿಂತ ಬೇಗ ಬೀಳಬೇಕು. 60 ಕೆ.ಜಿ. ಶೀಲ್ಡಿನ ಎಳೆತದ ವಿಸ್ತೀರ್ಣ ಹೆಚ್ಚುಕಡಿಮೆ 5 ಚ.ಮೀ., ಅಂದರೆ ಚ.ಮೀ.ಗೆ 12 ಕೆ.ಜಿ. (ಇದು ಹೆಚ್ಚಿದ್ದಷ್ಟು ಬೇಗ ಬೀಳ್ತದೆ). ಮಾಡ್ಯೂಲ್ 2.6 ಮೀ. ಪ್ಯಾರಾಚೂಟಿನಲ್ಲಿದ್ದರೆ ಚ.ಮೀ.ಗೆ 45. ಆ ಹೊತ್ತಿಗೆ ಶೀಲ್ಡ್ ಬಿಟ್ಟರೆ ಅದು ದೂರ ಹೋಗುವುದೇ ಇಲ್ಲ, ಮಾಡ್ಯೂಲಿನ ಹೊಟ್ಟೆಗೇ ಒತ್ತಿಕೊಂಡಿರ್ತದೆ. 8 ಮೀ.ಯದ್ದರಲ್ಲಿ ಮಾಡ್ಯೂಲಿನದ್ದು 6ಕ್ಕೆ ಇಳಿಯುತ್ತದೆ, ಶೀಲ್ಡ್ ಸಲೀಸಾಗಿ ಕೆಳಗೆ ಜಾರ್ತದೆ. ಹೈಗೆನ್ಸ್‌ನಲ್ಲಿ ಮೂರು ಪ್ಯಾರಾಚೂಟ್ ಇದ್ದದ್ದು ಇದಕ್ಕೇ: ಶಬ್ದದ ಒಂದೂವರೆ ಪಟ್ಟು ವೇಗದಲ್ಲಿ 2.6 ಮೀ. ಪೈಲಟ್ (ಮೊದಲು ಬಿಚ್ಚುವ ಸಣ್ಣ ಪ್ಯಾರಾಚೂಟ್), ಅದು ಹಿಂದಿನ ಮುಚ್ಚಳ ಕಿತ್ತು 8.3 ಮೀ.ಯದ್ದನ್ನು ಎಳೆಯುತ್ತದೆ, ಅರ್ಧ ನಿಮಿಷದ ಮೇಲೆ ಶೀಲ್ಡ್ ಬೀಳ್ತದೆ, 15 ನಿಮಿಷಕ್ಕೆ ದೊಡ್ಡದನ್ನು ಬಿಟ್ಟು ಸಣ್ಣದು.

ಮಣಿಪಾಲ_ಪಥ

ಪ್ಯಾರಾಚೂಟಿಗಿಂತ ಮೊದಲಿನ ತೊಂದರೆಯೊಂದಿದೆ. 25 ಡಿಗ್ರಿ ಕೋನದಲ್ಲಿ ನಿಮ್ಮ ಪ್ರೋಬ್ ಟೈಟನ್‌ಗೆ ಇಳಿಯುವುದೇ ಇಲ್ಲ.

ಟೈಟನ್ ತ್ರಿಜ್ಯ 2575 ಕಿ.ಮೀ. ನೀವು ಕೋನ ಅಳೆಯುತ್ತಿರುವುದು ಅದರ ಮೇಲೆ 1270 ಕಿ.ಮೀ.ಯಲ್ಲಿ, ಅಂದರೆ ಕೇಂದ್ರದಿಂದ 3845 ಕಿ.ಮೀ. ಮಂಗಳದಲ್ಲಿ ಪ್ರವೇಶದ ಗಡಿ ಸುಮಾರು 125 ಕಿ.ಮೀ., ತ್ರಿಜ್ಯದ ಮುಂದೆ ಅದು ತೆಳು ಪದರ. ಇಲ್ಲಿ ತ್ರಿಜ್ಯದ ಅರ್ಧದಷ್ಟು ಎತ್ತರ. 6.2 ಕಿ.ಮೀ. ವೇಗಕ್ಕೆ ಟೈಟನ್‌ನ ಗುರುತ್ವ ದಾರಿಯನ್ನು ಹೆಚ್ಚೇನೂ ಬಗ್ಗಿಸುವುದಿಲ್ಲ. ಗಾಳಿಯನ್ನು ಬದಿಗಿಟ್ಟು ಬರೇ ಕಕ್ಷೆಯ ಲೆಕ್ಕ ಮಾಡಿದರೆ, 25 ಡಿಗ್ರಿಗೆ ಅತಿ ಹತ್ತಿರದ ಬಿಂದು ನೆಲದಿಂದ ಸುಮಾರು 890 ಕಿ.ಮೀ. ಮೇಲೆ. ಅಲ್ಲಿ ವೇಗ ತಗ್ಗಿಸುವಷ್ಟು ಗಾಳಿಯೇ ಇಲ್ಲ. 42 ಡಿಗ್ರಿ ಇಟ್ಟರೂ ಆ ಬಿಂದು 200 ಕಿ.ಮೀ. ಮೇಲೆಯೇ ಉಳಿಯುತ್ತದೆ. ಹೈಗೆನ್ಸ್ 65 ಡಿಗ್ರಿಯಲ್ಲಿ ಒಳಗೆ ಹೋದದ್ದು ಸುಮ್ಮನೆ ಅಲ್ಲ.

ನೀವು 60 ಇಡಿ. ಕೆಳಗೆ ಬರುತ್ತಾ ಕೋನ ತಾನಾಗಿ ಚಪ್ಪಟೆಯಾಗಿ, 250 ಕಿ.ಮೀ. ಹತ್ತಿರ 48 ಆಗಿರುತ್ತದೆ. ಗರಿಷ್ಠ ಇಳಿವೇಗಕ್ಕೆ (ಅಂದರೆ ವೇಗ ತಗ್ಗುವ ದರಕ್ಕೆ) ಈ ಸ್ಥಳೀಯ ಕೋನವನ್ನೇ ಹಾಕಬೇಕು. ವೇಗದ ವರ್ಗ × ಸೈನ್ ಕೋನ ÷ (2 × 2.718 × ಸ್ಕೇಲ್ ಎತ್ತರ). ಆ ಎತ್ತರದಲ್ಲಿ ಸ್ಕೇಲ್ ಎತ್ತರ 47 ಕಿ.ಮೀ. ಹಿಡಿದರೆ ಸುಮಾರು 12 ಜಿ, ಅಂದರೆ ಭೂಮಿಯ ಗುರುತ್ವದ 12 ಪಟ್ಟು. ಭೂಮಿಗೆ ಇಷ್ಟು ಕಡಿದಾಗಿ ಬಂದರೆ ನೂರು ಜಿ ದಾಟುವುದು ಸುಲಭ. ಇಲ್ಲಿ ಗಾಳಿ ಬಹಳ ಮೆಲ್ಲ ದಪ್ಪವಾಗುತ್ತಾ ಹೋಗುವುದರಿಂದ ಕಡಿದಾದ ಪ್ರವೇಶವೂ ಸಹ್ಯ. ಉಪಕರಣಗಳನ್ನು 20 ಜಿ ತಾಳುವಂತೆ ಮಾಡಿ.

ಶಾಖದ ವಿಷಯ. ಮೂತಿಯ ತ್ರಿಜ್ಯ 1.1 ಮೀ. ಇದ್ದರೆ ಗಾಳಿಯ ಹರಿವಿನಿಂದ ಬರುವ ಶಾಖ ಚದರ ಸೆಂ.ಮೀ.ಗೆ ಸುಮಾರು 35 ವ್ಯಾಟ್. ಸಾಮಾನ್ಯ ಸೂತ್ರಗಳು ಇಷ್ಟಕ್ಕೇ ನಿಲ್ಲುತ್ತವೆ, ಟೈಟನ್‌ನಲ್ಲಿ ನಿಲ್ಲಬಾರದು. ಅಲ್ಲಿನ ಗಾಳಿ ನೈಟ್ರೋಜನ್, ಜೊತೆಗೆ ಮೇಲ್ಭಾಗದಲ್ಲಿ ಒಂದೂವರೆ ಶೇಕಡಾದಷ್ಟು ಮೀಥೇನ್. ಪ್ರೋಬ್ ಮುಂದಿನ ಆಘಾತ ತರಂಗದಲ್ಲಿ ಎರಡೂ ಒಡೆದು ಇಂಗಾಲ-ನೈಟ್ರೋಜನ್ ಜೋಡಿ, ಅಂದರೆ ಸಯನೋಜನ್ ರ‍್ಯಾಡಿಕಲ್, ಹುಟ್ಟುತ್ತದೆ. ಅದು ನೇರಳೆ ಬೆಳಕಿನಲ್ಲಿ ಜೋರಾಗಿ ಹೊಳೆಯುತ್ತದೆ. ಈ ವಿಕಿರಣದ ಶಾಖ ಹರಿವಿನ ಶಾಖಕ್ಕೆ ಸಮ ಅಥವಾ ಹೆಚ್ಚೇ ಇರಬಹುದು. ಒಟ್ಟು 100 ವ್ಯಾಟ್ ಹಿಡಿದು ವಿನ್ಯಾಸ ಮಾಡಿ. ಹೈಗೆನ್ಸ್‌ಗೂ ಸುಮಾರು ಅಷ್ಟೇ ಹಿಡಿದಿದ್ದರು. ಶಾಖ ಕಡಿಮೆ ಮಾಡಲು ಮೂತಿಯನ್ನು ಇನ್ನಷ್ಟು ಮೊಂಡ ಮಾಡುವ ಉಪಾಯ ಇಲ್ಲಿ ತಿರುಗುಬಾಣ: ಹರಿವಿನ ಶಾಖ ಇಳಿಯುತ್ತದೆ, ಆದರೆ ಹೊಳೆಯುವ ಅನಿಲದ ಪದರ ದಪ್ಪವಾಗಿ ವಿಕಿರಣ ಏರುತ್ತದೆ. ಹಿಂದಿನ ಮುಚ್ಚಳಕ್ಕೂ ಆ ಬೆಳಕು ತಾಗುತ್ತದೆ, ಅದನ್ನು ಬರಿಯ ಲೋಹವಾಗಿ ಬಿಡಬೇಡಿ.

ಪ್ಯಾರಾಚೂಟ್ ಬಿಡುವ ಕ್ಷಣವನ್ನು ಗಡಿಯಾರಕ್ಕೆ ಒಪ್ಪಿಸಬೇಡಿ. ಆಕ್ಸಿಲರೋಮೀಟರ್ (ವೇಗದ ಬದಲಾವಣೆ ಅಳೆಯುವ ಸೆನ್ಸರ್) ನೋಡಿ: ಇಳಿವೇಗ ಗರಿಷ್ಠ ದಾಟಿ ಇಳಿಮುಖವಾಗಿ ನಿಗದಿತ ಮಟ್ಟ ಮುಟ್ಟಿದಾಗ ಎಣಿಕೆ ಶುರು. ಮೂರು ಸೆನ್ಸರ್, ಮೂರರಲ್ಲಿ ಎರಡು ಒಪ್ಪಿದರೆ ಆದೇಶ. ಇನ್ನು ದಿಕ್ಕು. 2004ರ ಸೆಪ್ಟೆಂಬರ್‌ನಲ್ಲಿ ಜೆನೆಸಿಸ್ ಕ್ಯಾಪ್ಸೂಲ್ ಯೂಟಾ ಮರುಭೂಮಿಗೆ ನೇರ ಬಡಿದದ್ದು ಇಳಿವೇಗದ ಸ್ವಿಚ್‌ಗಳ ದಿಕ್ಕು ವಿನ್ಯಾಸದಲ್ಲೇ ತಲೆಕೆಳಗಾಗಿದ್ದರಿಂದ. 1995ರಲ್ಲಿ ಗುರುಗ್ರಹಕ್ಕಿಳಿದ ಗೆಲಿಲಿಯೋ ಪ್ರೋಬ್‌ನ ಪ್ಯಾರಾಚೂಟ್ 53 ಸೆಕೆಂಡ್ ತಡವಾಗಿ ಬಿಚ್ಚಿತು, ಅದಕ್ಕೂ ವೈರಿಂಗ್ ಅದಲುಬದಲಾದದ್ದು ಕಾರಣ. ಜೋಡಿಸಿದ ಮೇಲೆ ಇಡೀ ಪೆಟ್ಟಿಗೆಯನ್ನು ತಿರುಗುವ ಮೇಜಿನಲ್ಲಿಟ್ಟು ಸಂಕೇತದ ಚಿಹ್ನೆ ಧನವೋ ಋಣವೋ ಎಂದು ನೋಡದೆ ಮುಚ್ಚಳ ಹಾಕಬೇಡಿ.

ಪಣಂಬೂರು_ಪ್ರೋಬ್

ಕೋನದ ವಿಷಯ ತುಂಬಾ ಉಪಕಾರ ಆಯ್ತು ಸರ್, 60ಕ್ಕೆ ಬದಲಾಯಿಸ್ತೇವೆ. @ಬಜಪೆ_ಏರೋ, ಒಂದು ಸಂಶಯ. 15 ನಿಮಿಷದ ನಂತರ ಸಣ್ಣ ಪ್ಯಾರಾಚೂಟಿಗೆ ಬಂದಾಗ ನಾವು ಶೀಲ್ಡಿಗಿಂತ ಬೇಗ ಬೀಳ್ತೇವೆ. ಆಗ ಅದನ್ನು ಹಿಂದೆ ಹಾಕುವಾಗ ಡಿಕ್ಕಿ ಆಗುವುದಿಲ್ವಾ?

ಬಜಪೆ_ಏರೋ

ಒಳ್ಳೆ ಪ್ರಶ್ನೆ. ಹಿಂದೆ ಹಾಕುವುದು ಹೌದು. ಆದರೆ ಆ ಹೊತ್ತಿಗೆ ಶೀಲ್ಡ್ ತೂಗಾಡುತ್ತಾ, ಪಕ್ಕಕ್ಕೆ ಜಾರುತ್ತಾ ನಮ್ಮ ದಾರಿಯಿಂದ ಸರಿದಿರ್ತದೆ. ಹರಡುವಿಕೆ ಬರೇ 500 ಮೀ. ತ್ರಿಜ್ಯದ ವೃತ್ತ ಅಂತ ಕಡಿಮೆಯೇ ಹಿಡಿಯಿರಿ: 7,85,000 ಚ.ಮೀ. ಎರಡೂ ತಾಗಬೇಕಾದರೆ ಕೇಂದ್ರಗಳ ನಡುವೆ 1.8 ಮೀ.ಗಿಂತ ಕಡಿಮೆ ಅಂತರ ಇರಬೇಕು, ಅಂದರೆ 10 ಚ.ಮೀ. ಸುಮಾರು 78,000ದಲ್ಲಿ ಒಂದು. ವರದಿಯಲ್ಲಿ ಈ ಲೆಕ್ಕ ತೋರಿಸಿ, ಮುಂದೆ ಹೋಗಿ. ಅಪಾಯ ಇರುವುದು ಕಳಚಿದ ಮೊದಲ ಐದು ಸೆಕೆಂಡಿನಲ್ಲಿ. ಶೀಲ್ಡನ್ನು ತಳ್ಳುವ ಮೂರು ಸ್ಪ್ರಿಂಗುಗಳಲ್ಲಿ ಒಂದು ತಡವಾದರೆ ಶೀಲ್ಡ್ ಓರೆಯಾಗಿ ಅಂಚು ಮಾಡ್ಯೂಲಿಗೆ ತಾಗ್ತದೆ. ಅದಕ್ಕೆ ಗೈಡ್ ಹಳಿ ಇಡಿ.

ಕುಡ್ಲ_ಥರ್ಮಲ್

ಹೊಳೆಯುವ ಹಾಳೆ ತೆಗೀರಿ. ಅಂದರೆ ಪೂರ್ತಿ ಅಲ್ಲ, ತಾಯಿನೌಕೆಯಿಂದ ಬೇರೆಯಾಗಿ ನಿರ್ವಾತದಲ್ಲಿ ತೇಲುವ ದಿನಗಳಿಗೆ ಹೊರಗಡೆ ಇರಲಿ. ಇಳಿಯುವಾಗ ಅದರಿಂದ ಏನೂ ಪ್ರಯೋಜನ ಇಲ್ಲ. ಪದರಗಳ ನಡುವೆ ನಿರ್ವಾತ ಇದ್ದರೆ ಮಾತ್ರ ಅದು ಕೆಲಸ ಮಾಡ್ತದೆ. ಒಂದೂವರೆ ಬಾರ್ ನೈಟ್ರೋಜನ್ ಒಳಗೆ ನುಗ್ಗಿದ ಮೇಲೆ ಅದು ಬರೇ ಹಾಳೆ. ಟೈಟನ್‌ಗೆ ಬೇಕಾದದ್ದು ಫೋಮ್, 5 ಸೆಂ.ಮೀ. ದಪ್ಪ, ಮಾಡ್ಯೂಲಿನ ಒಳಗೋಡೆಗೆ.

ಲೆಕ್ಕ: ಮೇಲ್ಮೈ 4.5 ಚ.ಮೀ., ಫೋಮಿನ ವಾಹಕತೆ 0.025. ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 2.25 ವ್ಯಾಟ್ ಸೋರ್ತದೆ. ಒಳಗೆ 20 ಡಿಗ್ರಿ, ಹೊರಗೆ ಮೈನಸ್ 180, ಅಂದರೆ 450 ವ್ಯಾಟ್. ನಿಮ್ಮ ಎಲೆಕ್ಟ್ರಾನಿಕ್ಸ್ ಕೊಡುವುದು 150. ಉಳಿದದ್ದು ಪ್ರೋಬ್‌ನ ಒಡಲಿನ ಬಿಸಿಯಿಂದಲೇ ಹೋಗಬೇಕು. ಒಳಗಿನ 120 ಕೆ.ಜಿ. ಸಾಮಾನಿಗೆ ಕೆ.ಜಿ.ಗೆ 900 ಜೌಲ್ ಹಿಡಿದರೆ, ಎರಡೂವರೆ ಗಂಟೆಗೆ ಒಳಗಿನ ಉಷ್ಣತೆ ಮೈನಸ್ 3. ನಿಮ್ಮ 7 ಗಂಟೆಯ ಇಳಿಕೆಗೆ ಮೈನಸ್ 34. ಲಿಥಿಯಂ ಅಯಾನ್ ಬ್ಯಾಟರಿ ಅಲ್ಲಿ ಅರ್ಧಕ್ಕರ್ಧ ಕೈಕೊಡ್ತದೆ. ಹಾಗಾಗಿ ಪ್ಯಾರಾಚೂಟ್ ಸಣ್ಣದು ಮಾಡಿದ್ದು ಇಲ್ಲಿಗೂ ಉಪಕಾರ.

ಬ್ಯಾಟರಿ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿದೆ. ತಾಯಿನೌಕೆ ಬಿಟ್ಟ ಮೇಲೆ ಪ್ರೋಬ್ ಒಂಟಿಯಾಗಿ ತೇಲಬೇಕು. ಹೈಗೆನ್ಸ್ 2004ರ ಡಿಸೆಂಬರ್ 25ಕ್ಕೆ ಬೇರೆಯಾಗಿ 20 ದಿನ ಹಾಗೇ ಇತ್ತು. ಆಗ ಓಡುವುದು ಎಬ್ಬಿಸುವ ಟೈಮರ್ ಮಾತ್ರ. ಅದು 0.3 ವ್ಯಾಟ್ ಅಂತ ಇಟ್ಟರೂ 20 ದಿನಕ್ಕೆ 144 ವ್ಯಾಟ್-ಅವರ್. ಇಳಿಯಲು ಮತ್ತು ನೆಲದಲ್ಲಿ 3 ಗಂಟೆಗೆ 450. ಅಲ್ಲಿಗೆ ನಿಮ್ಮ 600 ಮುಗಿಯಿತು, ಕೈಯಲ್ಲಿ ಉಳಿತಾಯ ಇಲ್ಲ. 850ರಷ್ಟು ಇಡಿ, ಚಾರ್ಜ್ ಮಾಡಲಾಗದ ಲಿಥಿಯಂ-ಸಲ್ಫರ್ ಡೈಆಕ್ಸೈಡ್ ಸೆಲ್ ತಗೊಳ್ಳಿ. ಅದರದ್ದೊಂದು ಗುಣ ಗೊತ್ತಿರಲಿ: ವರ್ಷಗಟ್ಟಲೆ ಸುಮ್ಮನಿದ್ದರೆ ಲಿಥಿಯಂ ಮೇಲೆ ಪೊರೆ ಕಟ್ಟಿ, ಲೋಡ್ ಕೊಟ್ಟ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಬೇರೆಯಾಗುವ ಮೊದಲು ಸ್ವಲ್ಪ ಹೊತ್ತು ಲೋಡ್ ಹಾಕಿ ಆ ಪೊರೆ ಒಡೆಯಬೇಕು. ತೇಲುವಾಗ ಬೆಚ್ಚಗಿಡಲು ಹೈಗೆನ್ಸ್ ಒಂದೊಂದು ವ್ಯಾಟಿನ 35 ಪ್ಲುಟೋನಿಯಂ ಹೀಟರ್ ಹೊತ್ತಿತ್ತು. ಕರೆಂಟ್ ಹೀಟರ್ ಹಾಕಿದರೆ ಬ್ಯಾಟರಿ ಅದಕ್ಕೇ ಸಾಲದು.

ಊರಲ್ಲಿ ಮಾಡುವ ಪರೀಕ್ಷೆಗೆ: ಧಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆ ಸಿಗ್ತದಲ್ಲ, ದೊಡ್ಡದೊಂದು, ಅದರೊಳಗೆ ಕೂರುವ ಚಿಕ್ಕದೊಂದು, ಹೊಸದು ತನ್ನಿ. ಒಳಗೆ ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ನಿಮ್ಮ ಬೋರ್ಡ್, ಉಷ್ಣತೆ ಅಳೆಯಲು ಎರಡು ಥರ್ಮೋಕಪಲ್. ದ್ರವ ನೈಟ್ರೋಜನ್ (ಮೈನಸ್ 196) ತಟ್ಟೆಯ ಕೆಳಗೆ ಸ್ವಲ್ಪಸ್ವಲ್ಪವೇ ಹಾಕಿ. ಬೋರ್ಡ್ ಮುಳುಗಬಾರದು, ಆವಿಯಲ್ಲೇ ತಣಿಯಬೇಕು. ನಿಮಿಷಕ್ಕೆ 5 ಡಿಗ್ರಿ ಸಾಕು. ಮುಚ್ಚಳ ಬಿಗಿಯಬೇಡಿ, ಅನಿಲ ಹೊರಗೆ ಹೋಗಲೇಬೇಕು. ಕೋಣೆಯೊಳಗೆ ಬೇಡ, ತೆರೆದ ಜಗಲಿಯಲ್ಲಿ ಮಾಡಿ; ನೈಟ್ರೋಜನ್ ತುಂಬಿದ ಕೋಣೆಯಲ್ಲಿ ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ತದೆ.

ಮೊದಲು ಸೋಲುವುದು ಪಿವಿಸಿ ವೈರಿನ ಹೊದಿಕೆ, ಬಳೆಯ ಹಾಗೆ ಒಡೀತದೆ. ಟೆಫ್ಲಾನ್ ವೈರ್ ಹಾಕಿ. ಆಮೇಲೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಸಾಮಾನ್ಯ ರಬ್ಬರ್ ಓ-ರಿಂಗ್, ಬೇರಿಂಗಿನ ಗ್ರೀಸ್. ಗ್ರೀಸಿನ ಬದಲು ಮಾಲಿಬ್ಡಿನಂ ಡೈಸಲ್ಫೈಡ್ ಪುಡಿ. ಇನ್ನೊಂದು ನಮ್ಮ ಕರಾವಳಿಯದ್ದೇ ತೊಂದರೆ: ತಣ್ಣಗಿರುವಾಗ ಪೆಟ್ಟಿಗೆ ತೆರೆದರೆ ಇಲ್ಲಿನ ತೇವ ಕ್ಷಣದಲ್ಲಿ ಬೋರ್ಡಿನ ಮೇಲೆ ಹಿಮವಾಗಿ ಕೂತು, ಕರಗಿ ಶಾರ್ಟ್ ಆಗ್ತದೆ. ಆಗ ಬೋರ್ಡ್ ಚಳಿಗೆ ಸತ್ತಿತೋ ನೀರಿಗೋ ಗೊತ್ತಾಗುವುದಿಲ್ಲ. ಪೂರ್ತಿ ಕೋಣೆಯ ಉಷ್ಣತೆಗೆ ಬರುವ ತನಕ ಮುಚ್ಚಿಯೇ ಇಡಿ.

ಮಲ್ಪೆ_ಸಿಗ್ನಲ್

ತಾಯಿನೌಕೆಯ ಭಾಗಕ್ಕೆ ಒಂದೇ ಮಾತು, ಆದರೆ ಮುಖ್ಯದ್ದು. ಇಬ್ಬರ ನಡುವಿನ ವೇಗ ಸೆಕೆಂಡಿಗೆ 6 ಕಿ.ಮೀ. ಇದ್ದರೆ ಡಾಪ್ಲರ್ (ಚಲನೆಯಿಂದ ಆವರ್ತನ ಸರಿಯುವುದು) ಲಕ್ಷಕ್ಕೆ ಎರಡು ಪಾಲು. 2 ಗಿಗಾಹರ್ಟ್ಸ್ ಮೇಲೆ 40 ಕಿಲೋಹರ್ಟ್ಸ್, ಇದನ್ನು ಎಲ್ಲರೂ ನೋಡ್ತಾರೆ. ಬಿಟ್‌ಗಳ ಗತಿಯೂ ಅದೇ ಪಾಲು ಸರಿಯುತ್ತದೆ: ಸೆಕೆಂಡಿಗೆ 8 ಸಾವಿರ ಬಿಟ್ ಇದ್ದರೆ 0.16 ಬಿಟ್. ಅಷ್ಟೇ ಅಲ್ವಾ ಅನ್ನಿಸ್ತದೆ. ಹೈಗೆನ್ಸ್‌ನ ತಾಯಿನೌಕೆ ಕ್ಯಾಸಿನಿಯ ರಿಸೀವರ್ ಎಡವಿದ್ದು ಅಲ್ಲೇ. ಕ್ಯಾರಿಯರ್ (ಡೇಟಾ ಹೊರುವ ಮೂಲ ರೇಡಿಯೋ ಅಲೆ) ಹಿಡಿಯುತ್ತಿತ್ತು, ಬಿಟ್ ಹೊಂದಿಸುವ ಭಾಗಕ್ಕೆ ಆ ಜಾರುವಿಕೆ ತಾಳಲಿಲ್ಲ. ಗೊತ್ತಾದದ್ದು 2000ದಲ್ಲಿ, ನೌಕೆ ಹೊರಟು ಮೂರು ವರ್ಷ ಆಗಿತ್ತು, ರಿಸೀವರಿನ ಆ ಭಾಗ ಬದಲಾಯಿಸುವ ಹಾಗಿರಲಿಲ್ಲ. ಕೊನೆಗೆ ಪಥವನ್ನೇ ಬದಲಾಯಿಸಿ, ಟೈಟನ್‌ನಿಂದ 60,000 ಕಿ.ಮೀ. ದೂರ ಹಾದುಹೋಗುವಂತೆ ಮಾಡಿ, ನೇರ ಸಮೀಪಿಸುವ ವೇಗವನ್ನು ತಗ್ಗಿಸಿದರು.

ನಿಮ್ಮ ಬೆಂಚಿನಲ್ಲಿ ಎರಡು ಸಾಫ್ಟ್‌ವೇರ್ ರೇಡಿಯೋ ಇಟ್ಟು ಕ್ಯಾರಿಯರ್ ಮತ್ತು ಬಿಟ್ ಗಡಿಯಾರ ಎರಡನ್ನೂ ಒಟ್ಟಿಗೆ ಸರಿಸಿ ಪರೀಕ್ಷಿಸಿ. ಎರಡು ಚಾನೆಲ್ ಇಡುವುದಾದರೆ ಎರಡರಲ್ಲೂ ಒಂದೇ ಡೇಟಾ ಕಳಿಸಿ, ಒಂದನ್ನು 6 ಸೆಕೆಂಡ್ ತಡ ಮಾಡಿ. ಹೈಗೆನ್ಸ್ ಚಿತ್ರಗಳನ್ನು ಎರಡಕ್ಕೂ ಹಂಚಿತ್ತು. ಒಂದು ಚಾನೆಲಿನ ರಿಸೀವರ್ ಆನ್ ಮಾಡುವ ಆದೇಶ ಬಿಟ್ಟುಹೋಗಿ ಅರ್ಧದಷ್ಟು, ಅಂದರೆ 350ರಷ್ಟು ಚಿತ್ರ ಹೋಯಿತು.

ಬಜಪೆ_ಏರೋ

ಊರಿನ ಪರೀಕ್ಷೆಗೆ ನನ್ನದೂ ಒಂದು. ಕ್ಯಾಮೆರಾ ಸುತ್ತಲೂ ನೋಡಬೇಕಾದರೆ ಮಾಡ್ಯೂಲ್ ಮೆಲ್ಲ ತಿರುಗಬೇಕು, ಅದಕ್ಕೆ ಬದಿಯಲ್ಲಿ ಓರೆ ರೆಕ್ಕೆಗಳು. ಹೈಗೆನ್ಸ್‌ಗೆ 36 ಇದ್ದವು, ಆದರೂ ಇಳಿಯುವಾಗ ಅದು ಉಲ್ಟಾ ತಿರುಗಿತು. ಹೊರಗೆ ಚಾಚಿದ ಬಿಡಿಭಾಗಗಳು ರೆಕ್ಕೆಗಳಿಗೆ ಎದುರಾಗಿ ಬಲ ಕೊಟ್ಟದ್ದು ಕಾರಣ ಅಂತ ಆಮೇಲಿನ ಗಾಳಿಸುರಂಗ ಪರೀಕ್ಷೆಗಳು ಹೇಳ್ತವೆ.

ಟೈಟನ್ ಗಾಳಿ ತಣ್ಣಗೆ, ದಟ್ಟ. ಅದರ ಚಲನ ಸ್ನಿಗ್ಧತೆ (ಸ್ನಿಗ್ಧತೆ ÷ ಸಾಂದ್ರತೆ) 1.2ರ ಹತ್ತಿರ (ಚ.ಮೀ./ಸೆ.ಯ ಹತ್ತು ಲಕ್ಷದಲ್ಲೊಂದರ ಲೆಕ್ಕದಲ್ಲಿ), ನಮ್ಮ ನದಿ ನೀರಿನದ್ದು 0.85. ಹಾಗಾಗಿ ನೀರಿನಲ್ಲೇ ಪರೀಕ್ಷಿಸಬಹುದು. ಕಾಲು ಅಳತೆಯ ಮಾದರಿ ಮಾಡಿ, ವ್ಯಾಸ 30 ಸೆಂ.ಮೀ., ಎಲ್ಲ ಆಂಟೆನಾ, ಬೂಮ್, ಬ್ರಾಕೆಟ್ ಸಹಿತ. ಪ್ಯಾರಾಚೂಟ್ ಕಡೆಯಿಂದ ಜಿಐ ಪೈಪ್, ನಡುವೆ ಸೈಕಲಿನ ಮುಂದಿನ ಹಬ್. ಫಲ್ಗುಣಿ ನದಿಯ ಸಪಾಟು ಜಾಗದಲ್ಲಿ ದೋಣಿಯ ಬದಿಗೆ ಕಟ್ಟಿ, ಕನಿಷ್ಠ 60 ಸೆಂ.ಮೀ. ಆಳದಲ್ಲಿ, ಮೂತಿ ಮುಂದಾಗಿ, ಸೆಕೆಂಡಿಗೆ 2 ಮೀ. ವೇಗದಲ್ಲಿ ಹೋಗಿ. ಬಲ 11-12 ಕೆ.ಜಿ. ಬೀಳ್ತದೆ, ಪೈಪ್ ಬಾಗದ ಹಾಗೆ ಕಟ್ಟಬೇಕು. ಹೊಳೆಯ ಸೆಳೆತ ಕಳೆಯಲು ಹೋಗುತ್ತಾ ಒಂದು, ಬರುತ್ತಾ ಒಂದು ಅಳತೆ. ಮಾದರಿ ನಿಮಿಷಕ್ಕೆ 10 ಸುತ್ತು ತಿರುಗಿದರೆ ಟೈಟನ್ ನೆಲದ ಹತ್ತಿರ ನಿಜವಾದದ್ದು 6 ಸುತ್ತು. ಮೊದಲು ರೆಕ್ಕೆ ತೆಗೆದು ಎಳೆಯಿರಿ: ಆಗಲೂ ತಿರುಗಿದರೆ ಬ್ರಾಕೆಟ್‌ಗಳದ್ದೇ ಕೆಲಸ ಅಂತ ಗೊತ್ತಾಗ್ತದೆ. ಮಳೆಗಾಲ ಶುರುವಾಗುವ ಮೊದಲು ಮುಗಿಸಿ, ಲೈಫ್ ಜಾಕೆಟ್ ಎಲ್ಲರಿಗೂ.

ಪಣಂಬೂರು_ಪ್ರೋಬ್

ಎಲ್ಲರಿಗೂ ತುಂಬಾ ಧನ್ಯವಾದ. 8 ಮೀ. ಮತ್ತು 2.6 ಮೀ., ಕೋನ 60, ಬ್ಯಾಟರಿ 850ಕ್ಕೆ ಬದಲಾಯಿಸಿ ಮತ್ತೆ ಹಾಕ್ತೇವೆ. ಕೊನೆಯದಾಗಿ, ನೆಲದ ಬದಲು ಉತ್ತರದ ಮೀಥೇನ್ ಸರೋವರಕ್ಕೆ ಇಳಿಸಿದರೆ ಇದೇ ಮಾಡ್ಯೂಲ್ ತೇಲ್ತದಾ?

ಕುಡ್ಲ_ಥರ್ಮಲ್

ತೇಲ್ತದೆ. ಗಾತ್ರ 0.68 ಘನ ಮೀ.ಗೆ 160 ಕೆ.ಜಿ., ಅಂದರೆ ಸಾಂದ್ರತೆ 235. ದ್ರವ ಮೀಥೇನಿನದ್ದು 450. ಅರ್ಧ ಮುಳುಗಿ ನಿಲ್ತದೆ. ತೊಂದರೆ ಇರುವುದು ಗಾಳಿಕಿಂಡಿಯಲ್ಲಿ. ಇಳಿಯುವಾಗ ಒಳಗೆ-ಹೊರಗೆ ಒತ್ತಡ ಸರಿದೂಗಲು ಕಿಂಡಿ ಬೇಕೇ ಬೇಕು. ಇಲ್ಲದಿದ್ದರೆ ಮೇಲಿನ ಮುಚ್ಚಳವೊಂದರ ಮೇಲೆಯೇ 17 ಟನ್ ಭಾರ ಬೀಳ್ತದೆ. ಅದನ್ನು ಮೇಲ್ಗಡೆ, ನೇರ ದ್ರವ ಚಿಮ್ಮದ ಹಾಗೆ ಅಡ್ಡತಟ್ಟೆ ಇಟ್ಟು ಮಾಡಿ. ಫೋಮ್ ಕೂಡ ಬದಲಾಗಬೇಕು. ರಂಧ್ರ ತೆರೆದಿರುವ ಜಾತಿಯದ್ದು ಮೀಥೇನ್ ಹೀರಿಕೊಂಡರೆ ಅಲ್ಲಿಗೆ ಚಳಿ ತಡೆಯುವ ಗುಣ ಹೋಯ್ತು, ಮುಚ್ಚಿದ ರಂಧ್ರದ್ದೇ ತಗೊಳ್ಳಿ, ಮತ್ತು ಅದು ಗಾಳಿಯೊತ್ತಡಕ್ಕೆ ಕುಗ್ಗುವುದಿಲ್ಲ ಅಂತ ಒಂದೂವರೆ ಬಾರ್‌ನಲ್ಲಿ ನೋಡಿ. ಕ್ಯಾಮೆರಾಕ್ಕೆ ದೀಪ ಬೇಕಾಗ್ತದೆ: ಶನಿಯ ವಿಷುವ (ಸೂರ್ಯ ಅದರ ಸಮಭಾಜಕ ದಾಟುವ ದಿನ) 2025ರ ಮೇಯಲ್ಲಿ ಆಗಿಹೋಗಿದೆ, ಉತ್ತರ ಧ್ರುವದ ಸುತ್ತ ಮುಂದಿನ ಹದಿನೈದು ವರ್ಷದಷ್ಟು ಕಾಲ ಸೂರ್ಯ ಕಾಣುವುದಿಲ್ಲ.